1.74 ಮೀಟರ್, ಮೂರು ದೇಹ: ಪ್ಯಾರಾ ಕ್ರೀಡೆಯ ವಿಜ್ಞಾನ

2012ರ ಸೆಪ್ಟೆಂಬರ್. ಲಂಡನ್ ಪ್ಯಾರಾಲಿಂಪಿಕ್ಸ್. ಕಾಲಿನ ಕೊರತೆ ಇರುವ ಗಂಡಸರ ಎತ್ತರ ಜಿಗಿತದ ಫೈನಲ್. ಪದಕ ಪಡೆದ ಮೂವರೂ ದಾಟಿದ್ದು ಒಂದೇ ಎತ್ತರ, 1.74 ಮೀಟರ್. ಚಿನ್ನ ಫಿಜಿ ದೇಶದ ಇಲಿಯೆಸಾ ಡೆಲಾನಾ ಅವರಿಗೆ ಹೋಯಿತು. ಬೆಳ್ಳಿ ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರದಾಯಿತು. ಕಂಚು ಪೋಲೆಂಡಿನ ಆಟಗಾರನಿಗೆ. ಎತ್ತರ ಸಮನಾದ್ದರಿಂದ ಯಾರು ಎಷ್ಟು ಸಲ ಕೋಲು ಬೀಳಿಸಿದರು ಅನ್ನೋ ಲೆಕ್ಕ ನೋಡಿ ಪದಕ ಹಂಚಿದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ.

ಈಗ ಆ ಜಿಗಿತಗಳನ್ನು ಕಣ್ಣಮುಂದೆ ತಂದುಕೊಳ್ಳಿ. ಡೆಲಾನಾ ಅವರಿಗೆ ಒಂದೇ ಕಾಲು. ಚಿಕ್ಕಂದಿನಲ್ಲಿ ಬಸ್ ಅಪಘಾತದಲ್ಲಿ ಇನ್ನೊಂದು ಹೋಯಿತು. ಕೃತಕ ಕಾಲು ಹಾಕಿಕೊಳ್ಳದೆ, ಒಂಟಿಕಾಲಿನಲ್ಲೇ ಕುಪ್ಪಳಿಸುತ್ತಾ ಬಂದು ಹಾರಿದರು. ಗಿರೀಶ ಅವರಿಗೆ ಎರಡೂ ಕಾಲಿವೆ, ಆದರೆ ಎಡಗಾಲಿಗೆ ಹುಟ್ಟಿನಿಂದಲೇ ತೊಂದರೆ. ಅವರು ಕತ್ತರಿ ಆಡಿಸಿದ ಹಾಗೆ ಒಂದು ಕಾಲಿನ ಹಿಂದೆ ಇನ್ನೊಂದನ್ನು ಎತ್ತಿ ದಾಟಿದರು. ಒಬ್ಬರಿಗೆ ಓಡಿ ಬರುವ ವೇಗವೇ ಸಿಗೋದಿಲ್ಲ, ಆದರೆ ನೆಗೆಯುವ ಕಾಲು ಗಟ್ಟಿ. ಇನ್ನೊಬ್ಬರು ಓಡಬಲ್ಲರು, ಆದರೆ ಹೆಜ್ಜೆ ಹೆಜ್ಜೆಗೂ ಒಂದು ಕಾಲು ಕೈಕೊಡುತ್ತದೆ.

ಟೇಪು ಹಿಡಿದರೆ ಎರಡೂ 1.74. ಹಾಗಾದರೆ ಇಬ್ಬರಿಗೂ ಆಗಿರುವ ಕೊರತೆ ಒಂದೇ ಮಟ್ಟದ್ದಾ? ಇಬ್ಬರನ್ನೂ ಒಂದೇ ಗುಂಪಿನಲ್ಲಿ ನಿಲ್ಲಿಸಿದ್ದು ಸರಿಯಾ? ಕೇಳೋದು ಸುಲಭ. ಉತ್ತರ ಹೇಳಬೇಕಾದರೆ ಆ ದೇಹಗಳು ಒಳಗೆ ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಿರಬೇಕು. ನಮ್ಮ ಕ್ರೀಡಾ ವಿಜ್ಞಾನದ ಪುಸ್ತಕದಲ್ಲಿರುವ ಬಹುಪಾಲು ಅಂಕಿಗಳು ಎರಡು ಕಾಲು, ಎರಡು ಕೈ, ಪೂರ್ತಿ ಬೆನ್ನುಹುರಿ ಇರುವ ದೇಹದಿಂದ ಬಂದವು. ಬೇರೆ ದೇಹಕ್ಕೆ ಆ ಅಂಕಿ ಹಿಡಿದರೆ ತಪ್ಪು ತೋರಿಸುತ್ತದೆ. ಎಷ್ಟೋ ಸಲ ಅಪಾಯವನ್ನೇ ತರುತ್ತದೆ. ಅದು ಎಲ್ಲಕ್ಕಿಂತ ಚೆನ್ನಾಗಿ ಕಾಣೋದು ಹೃದಯದಲ್ಲಿ.

ಬ್ರೇಕ್ ಇದೆ, ಆಕ್ಸಿಲರೇಟರ್ ಇಲ್ಲ

ಜಿಮ್‌ಗೆ ಹೋಗುವವರಿಗೆ ಒಂದು ಲೆಕ್ಕ ಗೊತ್ತಿರುತ್ತದೆ. 220ರಿಂದ ನಿಮ್ಮ ವಯಸ್ಸು ಕಳೆಯಿರಿ, ಅದು ನಿಮ್ಮ ಹೃದಯದ ಗರಿಷ್ಠ ಬಡಿತ. 25 ವರ್ಷದವರಿಗೆ ಸುಮಾರು 195. ಕೈಗಡಿಯಾರದಲ್ಲಿ 120 ಅಂತ ಬಂದರೆ ಕೋಚ್ ಏನಂತಾರೆ? "ಇನ್ನೂ ಬೆಚ್ಚಗಾಗಿಲ್ಲ, ಜೋರಾಗಿ ಓಡು" ಅಂತಾರೆ.

ಈಗ ವೀಲ್‌ಚೇರ್ ರಗ್ಬಿ ಆಡುವ ಒಬ್ಬರನ್ನು ನೆನೆಯಿರಿ. ಅಪಘಾತದಲ್ಲಿ ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಪೂರ್ತಿ ತುಂಡಾಗಿದೆ. ಕಾಲು, ಸೊಂಟ, ಹೊಟ್ಟೆಯ ಸ್ನಾಯು ಯಾವುದೂ ಕೆಲಸ ಮಾಡೋದಿಲ್ಲ. ಕೈಯಲ್ಲೂ ಅರ್ಧ ಬಲ. ಅವರು ಪ್ರಾಣ ಪಣಕ್ಕಿಟ್ಟ ಹಾಗೆ ಆಡುತ್ತಿರುವಾಗಲೂ ಬಡಿತ 110ರಿಂದ 130ರ ಒಳಗೇ ನಿಲ್ಲಬಹುದು. ಅವರಿಗೆ 120 ಅಂದರೆ ಪೂರ್ತಿ ಜೋರು. ಅದಕ್ಕಿಂತ ಮೇಲೆ ಹೋಗುವ ದಾರಿಯೇ ಇಲ್ಲ.

ಯಾಕೆ ಹೀಗೆ? ಹೃದಯಕ್ಕೆ ಮಿದುಳಿನಿಂದ ಎರಡು ಬಗೆಯ ನರಗಳು ಬರುತ್ತವೆ. ಒಂದು ಬಡಿತ ತಗ್ಗಿಸುವುದು, ಬ್ರೇಕ್ ಇದ್ದ ಹಾಗೆ. ಅದು ಬೆನ್ನುಹುರಿಯ ಒಳಗೆ ಹೋಗೋದಿಲ್ಲ. ತಲೆಬುರುಡೆಯಿಂದ ಹೊರಬಂದು ಕುತ್ತಿಗೆಯ ಪಕ್ಕದಲ್ಲಿ ನೇರವಾಗಿ ಹೃದಯಕ್ಕೆ ಇಳಿಯುತ್ತದೆ. ಇನ್ನೊಂದು ಬಡಿತ ಏರಿಸುವುದು, ಆಕ್ಸಿಲರೇಟರ್. ಅದರ ದಾರಿ ಬೆನ್ನುಹುರಿಯ ಒಳಗೆ. ಮೇಲಿನಿಂದ ಇಳಿದು ಬಂದು, ಎದೆಯ ಮೇಲ್ಭಾಗದ ಮಟ್ಟದಲ್ಲಿ ಹೊರಬಿದ್ದು ಹೃದಯ ಸೇರುತ್ತದೆ. ಕುತ್ತಿಗೆಯಲ್ಲಿ ಹುರಿ ತುಂಡಾದರೆ ಬ್ರೇಕಿನ ತಂತಿ ಹಾಗೇ ಉಳಿಯುತ್ತದೆ, ಆಕ್ಸಿಲರೇಟರ್ ತಂತಿ ಕಡಿದುಹೋಗುತ್ತದೆ. ಆಟದ ಹೊತ್ತಿನಲ್ಲಿ ಮಿದುಳು ಮಾಡಬಹುದಾದ್ದು ಬ್ರೇಕ್‌ನಿಂದ ಕಾಲು ತೆಗೆಯೋದು ಮಾತ್ರ. ಅಷ್ಟಕ್ಕೆ ಬಡಿತ 120ರ ಆಸುಪಾಸಿಗೆ ಏರುತ್ತದೆ, ಅಲ್ಲಿಗೆ ನಿಲ್ಲುತ್ತದೆ.

ಇದು ಅರ್ಧ ಕಥೆ. ನಾವು ಓಡುವಾಗ ಕಾಲಿನ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಹೊಟ್ಟೆ ಮತ್ತು ಕಾಲಿನ ರಕ್ತನಾಳಗಳು ಬಿಗಿದುಕೊಂಡು, ಸದ್ಯಕ್ಕೆ ಬೇಡದ ಕಡೆಯಿಂದ ರಕ್ತವನ್ನು ಎಳೆದು ದುಡಿಯುವ ಸ್ನಾಯುವಿಗೆ ಕೊಡುತ್ತವೆ. ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಈ ಎರಡೂ ಇಲ್ಲ. ರಕ್ತ ಕೆಳಗೇ ನಿಲ್ಲುತ್ತದೆ. ಹೃದಯಕ್ಕೆ ವಾಪಸು ಬರುವ ರಕ್ತವೇ ಕಡಿಮೆ, ಹಾಗಾಗಿ ಒಂದೊಂದು ಬಡಿತಕ್ಕೂ ಹೊರಹೋಗುವುದೂ ಕಡಿಮೆ. ಹೊಟ್ಟೆಗೆ ಬಿಗಿಯಾದ ಪಟ್ಟಿ ಕಟ್ಟಿಕೊಂಡರೆ ಆಟ ಸ್ವಲ್ಪ ಸುಧಾರಿಸುತ್ತದೆ ಅಂತ ವೀಲ್‌ಚೇರ್ ರಗ್ಬಿ ಆಟಗಾರರ ಮೇಲೆ ನಡೆದ ಅಧ್ಯಯನ ತೋರಿಸಿದೆ. ನಮ್ಮಲ್ಲಿ ಹೊರೆ ಹೊರುವವರು ಸೊಂಟಕ್ಕೆ ಟವೆಲ್ ಬಿಗಿಯುತ್ತಾರಲ್ಲ, ನೋಡೋಕೆ ಹಾಗೇ. ಇಲ್ಲಿ ಆ ಪಟ್ಟಿ ಮಾಡುವ ಕೆಲಸ ಹೊಟ್ಟೆಯ ಸ್ನಾಯುಗಳದ್ದು. ಉಸಿರಾಟಕ್ಕೂ ರಕ್ತ ಮೇಲೇರುವುದಕ್ಕೂ ಒತ್ತುಕೊಡುತ್ತದೆ.

ಹಾಗಾದರೆ ಇವರ ತರಬೇತಿಯ ಜೋರನ್ನು ಅಳೆಯೋದು ಹೇಗೆ? ಬಡಿತ ನಂಬುವ ಹಾಗಿಲ್ಲ. ಕೇಳಬೇಕು. "ನಿಮಗೆ ಎಷ್ಟು ಕಷ್ಟ ಅನ್ನಿಸ್ತಿದೆ, 6ರಿಂದ 20ರೊಳಗೆ ಒಂದು ನಂಬರ್ ಹೇಳಿ." ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಮಾಪನ ಇದು. ಅಭ್ಯಾಸವಾದ ಮೇಲೆ ಕುತ್ತಿಗೆ ಪೆಟ್ಟಿನ ಆಟಗಾರರು ಈ ನಂಬರ್ ಇಟ್ಟುಕೊಂಡೇ ತಮ್ಮ ಜೋರನ್ನು ಚೆನ್ನಾಗಿ ಹಿಡಿತದಲ್ಲಿ ಇಟ್ಟುಕೊಳ್ಳಬಲ್ಲರು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ವಿಕ್ಟೋರಿಯಾ ಗೂಸಿ-ಟಾಲ್‌ಫ್ರಿ ಅವರ ತಂಡ ಇಂಥದ್ದನ್ನು ವರ್ಷಗಟ್ಟಲೆ ಪರೀಕ್ಷಿಸಿದೆ. ಇದಕ್ಕೆ ದುಬಾರಿ ಯಂತ್ರ ಬೇಡ. ಒಂದು ಕಾಗದ, ಒಂದು ಪೆನ್ನು ಸಾಕು. ನನಗೆ ಇದು ತುಂಬಾ ಇಷ್ಟವಾದ ವಿಷಯ, ಯಾಕಂದರೆ ಇಲ್ಲಿ ಆಟಗಾರನ ಮಾತೇ ಅಳತೆ.

ಇನ್ನೊಂದು ಸೂಕ್ಷ್ಮ. ಎಲ್ಲರ ಬೆನ್ನುಹುರಿಯೂ ಪೂರ್ತಿ ತುಂಡಾಗಿರೋದಿಲ್ಲ. ಕೈಕಾಲು ಆಡಿಸುವ ನರ ಕಡಿದಿದ್ದು, ಹೃದಯದ ನರದ ಕೆಲವು ಎಳೆ ಉಳಿದಿರಬಹುದು. ಕೆನಡಾದ ವ್ಯಾಂಕೂವರ್‌ನಲ್ಲಿ ಆಂಡ್ರೆ ಕ್ರಾಸಿಯುಕೋವ್, ಕ್ರಿಸ್ಟೋಫರ್ ವೆಸ್ಟ್ ಮೊದಲಾದವರು ಇದನ್ನು ಹುಡುಕುತ್ತಾ ಹೋದರು. ಹೊರಗಿನಿಂದ ಇಬ್ಬರು ಆಟಗಾರರ ತೋಳಿನ ಬಲ ಒಂದೇ ಇದ್ದರೂ, ಹೃದಯದ ತಂತಿ ಸ್ವಲ್ಪ ಉಳಿದವರಿಗೆ ಬಡಿತ ಹೆಚ್ಚು ಏರುತ್ತದೆ, ಆಟದಲ್ಲಿ ದಮ್ಮೂ ಜಾಸ್ತಿ. ಆದರೆ ವೀಲ್‌ಚೇರ್ ರಗ್ಬಿಯಲ್ಲಿ ಆಟಗಾರರನ್ನು ವಿಂಗಡಿಸುವಾಗ ನೋಡೋದು ತೋಳು, ಕೈ, ಸೊಂಟದ ಬಲವನ್ನು. ಹೃದಯದ ನರ ಆ ಲೆಕ್ಕದಲ್ಲಿ ಇಲ್ಲ. ಕಣ್ಣಿಗೆ ಕಾಣುವ ಕೊರತೆಗೆ ಲೆಕ್ಕ ಇದೆ, ಕಾಣದ ಕೊರತೆಗೆ ಇಲ್ಲ. ಇದು ಸರಿಯಲ್ಲ ಅಂತ ನನಗನ್ನಿಸುತ್ತದೆ.

ಬೆವರದ ಚರ್ಮ

ಬೆವರೋದಕ್ಕೂ ಚರ್ಮಕ್ಕೆ ಅಪ್ಪಣೆ ಬರಬೇಕು. ಆ ಅಪ್ಪಣೆಯೂ ಬೆನ್ನುಹುರಿಯ ದಾರಿಯಲ್ಲೇ ಇಳಿಯೋದು. ಪೆಟ್ಟಾದ ಜಾಗಕ್ಕಿಂತ ಕೆಳಗಿನ ಚರ್ಮ ಸರಿಯಾಗಿ ಬೆವರೋದಿಲ್ಲ. ಸೊಂಟದಲ್ಲಿ ಪೆಟ್ಟಾದವರಿಗೆ ಎದೆ, ಬೆನ್ನು, ತೋಳು ಎಲ್ಲಾ ಬೆವರುತ್ತವೆ, ಅಷ್ಟು ತೊಂದರೆಯಿಲ್ಲ. ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಹೆಚ್ಚುಕಡಿಮೆ ಇಡೀ ಮೈ ಒಣಗಿರುತ್ತದೆ. ಬಿಸಿ ಹೊರಹೋಗುವ ಬಾಗಿಲೇ ಮುಚ್ಚಿದ ಹಾಗೆ.

ಲಫ್‌ಬರೋದ ಸಂಶೋಧಕರು ರಗ್ಬಿ ಆಟಗಾರರ ಮೈಯೊಳಗಿನ ಬಿಸಿ ಅಳೆದರು. ಕುತ್ತಿಗೆ ಪೆಟ್ಟಿನ ಆಟಗಾರರು ಕ್ರಮಿಸಿದ ದೂರ ಕಡಿಮೆ, ದುಡಿದಿದ್ದೂ ಕಡಿಮೆ. ಆದರೂ ಅವರ ಮೈಯೊಳಗಿನ ಬಿಸಿ ಬೆನ್ನುಹುರಿ ಸರಿಯಿರುವ ಆಟಗಾರರಿಗಿಂತ ಜಾಸ್ತಿ ಏರಿತ್ತು. ಕಡಿಮೆ ಕೆಲಸ, ಹೆಚ್ಚು ಬಿಸಿ. ಸಾಲದ್ದಕ್ಕೆ ಪೆಟ್ಟಾದ ಕಡೆಯಿಂದ ಕೆಳಗೆ ಬಿಸಿಯ ಅರಿವೂ ಮಂದ. "ಸೆಕೆ ಆಗ್ತಿದೆಯಾ?" ಅಂತ ಕೇಳಿದರೆ "ಇಲ್ಲ, ಪರವಾಗಿಲ್ಲ" ಅಂತಾರೆ. ಒಳಗೆ ಬಿಸಿ ಏರುತ್ತಲೇ ಇರುತ್ತದೆ. ಮೇಲೆ ಹೇಳಿದೆನಲ್ಲ, ಆಟಗಾರನನ್ನು ಕೇಳಿ ಅಂತ. ಬಿಸಿಯ ವಿಷಯಕ್ಕೆ ಬಂದರೆ ಕೇಳಿ ಸುಮ್ನಾಗೋದು ಸಾಲದು. ಅಳೆಯಲೇಬೇಕು.

ವೀಲ್‌ಚೇರ್ ರಗ್ಬಿ ಪಂದ್ಯಗಳಲ್ಲಿ ಬಿಡುವು ಸಿಕ್ಕಾಗಲೆಲ್ಲ ಆಟಗಾರರ ಮುಖ, ತೋಳಿಗೆ ನೀರು ಚಿಮುಕಿಸೋದು ನೋಡಿರಬಹುದು. ಅದು ಸುಮ್ನೆ ಹಾಯಾಗಲಿ ಅಂತ ಅಲ್ಲ. ಹೊರಗಿನಿಂದ ಬೆವರು ಕೊಡುವ ಕೆಲಸ ಅದು. ಆಟಕ್ಕೆ ಮುಂಚೆ ಐಸ್ ತುಂಬಿದ ಜಾಕೆಟ್ ತೊಡೋದು, ಅರೆದ ಐಸ್ ಕುಡಿಯೋದು, ಫ್ಯಾನ್ ಎದುರು ಕೂರಿಸೋದು, ಹೀಗೆ ದಾರಿಗಳಿವೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಕೂಟ ನಡೆದಾಗ ಅಲ್ಲಿನ ಬಿಸಿ, ತೇವದ ಗಾಳಿ ನೆನೆದು ತಂಡಗಳು ವರ್ಷಗಳ ಮುಂಚೆಯೇ ತಯಾರಿ ಶುರುಮಾಡಿದ್ದು ಇದಕ್ಕೇ. ನಮ್ಮ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಇಂಥ ಆಟಗಾರರಿಗೆ ತರಬೇತಿ ಕೊಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬೆಳಗಿನ ತಂಪಿನ ಹೊತ್ತು ನೋಡಿ, ಒಂದು ಸ್ಪ್ರೇ ಬಾಟಲಿ ಇಟ್ಟುಕೊಳ್ಳಿ. ಮೈ ಬೆವರಿಲ್ಲ ಅಂದರೆ ದಣಿದಿಲ್ಲ ಅಂತ ತಿಳಿಯಬೇಡಿ.

ಇದಕ್ಕೆ ಸೇರಿಕೊಂಡೇ ಇನ್ನೊಂದು ತೊಂದರೆ ಇದೆ, ಯಾರೂ ಬಾಯಿಬಿಟ್ಟು ಹೇಳದ್ದು. ಬಸ್ಸು, ವಿಮಾನದಲ್ಲಿ ವೀಲ್‌ಚೇರ್ ಹೋಗುವ ಶೌಚಾಲಯ ಸಿಗದು ಅಂತ ಎಷ್ಟೋ ಆಟಗಾರರು ಪ್ರಯಾಣದ ದಿನ ನೀರೇ ಕುಡಿಯೋದಿಲ್ಲ. ಮೊದಲೇ ಬೆವರದ ಮೈ, ಮೇಲೆ ನೀರಿಲ್ಲ. ಮೂತ್ರದ ಸೋಂಕಿಗೂ ಅದು ದಾರಿ.

ಬೆರಳು ಮುರಿದುಕೊಂಡು ಗೆಲ್ಲೋದು

ಈಗ ಹೇಳಲು ಹೊರಟಿರುವುದು ಮೊದಲ ಸಲ ಓದಿದಾಗ ನನ್ನ ಎದೆ ನಡುಗಿಸಿದ ವಿಷಯ.

ಎದೆಮಟ್ಟದ ಆರನೇ ಬೆನ್ನುಮಣಿಯಲ್ಲೋ ಅದಕ್ಕಿಂತ ಮೇಲೋ ಹುರಿಗೆ ಪೆಟ್ಟಾದವರಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಕೆಳಭಾಗದಲ್ಲಿ ನೋವಾಗುವಂಥದ್ದು ಏನಾದರೂ ಆದರೆ, ಅಂದರೆ ಮೂತ್ರಕೋಶ ತುಂಬಿ ಬಿಗಿದರೆ, ಚರ್ಮಕ್ಕೆ ಏನಾದರೂ ಒತ್ತಿದರೆ, ಅವರಿಗೆ ನೋವು ಗೊತ್ತಾಗೋದಿಲ್ಲ. ಆದರೆ ಬೆನ್ನುಹುರಿಯ ಕೆಳತುಂಡಿಗೆ ಗೊತ್ತಾಗುತ್ತದೆ. ಅದು ತನ್ನಷ್ಟಕ್ಕೆ ರಕ್ತನಾಳಗಳನ್ನೆಲ್ಲ ಬಿಗಿಯುತ್ತದೆ. "ಸಾಕು, ಬಿಡು" ಅಂತ ಮಿದುಳು ಹೇಳಬೇಕು, ಆ ಮಾತು ಕೆಳಗೆ ಇಳಿಯೋದಿಲ್ಲ. ರಕ್ತದೊತ್ತಡ ಸರ್ರನೆ ಏರುತ್ತದೆ. ತಲೆ ಸಿಡಿಯುತ್ತದೆ. ಮಿದುಳಿನಲ್ಲಿ ರಕ್ತಸ್ರಾವ ಆಗಿ ಪ್ರಾಣವೇ ಹೋಗಬಹುದು.

ಆದರೆ ರಕ್ತನಾಳ ಬಿಗಿದರೆ ಇನ್ನೇನಾಗುತ್ತದೆ? ಕೆಳಗೆ ನಿಂತ ರಕ್ತ ಮೇಲೆ ಬರುತ್ತದೆ. ಹೃದಯಕ್ಕೆ ಬಡಿತವೂ ಸ್ವಲ್ಪ ಏರುತ್ತದೆ. ಕಡಿದುಹೋದ ಆಕ್ಸಿಲರೇಟರ್ ಹಿಂಬಾಗಿಲಿನಿಂದ ಸಿಕ್ಕ ಹಾಗೆ. ಇದನ್ನು ಕೆಲವು ಆಟಗಾರರು ಕಂಡುಕೊಂಡರು. ಮೂತ್ರ ಹೊರಹೋಗಲು ಹಾಕಿಕೊಂಡ ಕೊಳವೆಯನ್ನು ಬೇಕಂತಲೇ ಮುಚ್ಚಿಕೊಂಡರು. ಕಾಲಿನ ಪಟ್ಟಿ ಕಚ್ಚುವ ಹಾಗೆ ಬಿಗಿದುಕೊಂಡರು. ಕಾಲಿನ ಬೆರಳು ಮುರಿದುಕೊಂಡವರೂ ಇದ್ದಾರೆ. ಕ್ರೀಡಾಲೋಕದಲ್ಲಿ ಇದರ ಹೆಸರು ಬೂಸ್ಟಿಂಗ್.

1994ರಲ್ಲಿ ಕೆನಡಾದ ಸಂಶೋಧಕರು 8 ಮಂದಿ ವೀಲ್‌ಚೇರ್ ಓಟಗಾರರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. 7.5 ಕಿಲೋಮೀಟರ್ ದೂರಕ್ಕೆ ಬೂಸ್ಟಿಂಗ್ ಇದ್ದಾಗ ಸಮಯ ಸುಮಾರು 10% ಸುಧಾರಿಸಿತ್ತು. ಮೇಲ್ಮಟ್ಟದ ಆಟದಲ್ಲಿ 1 ಪ್ರತಿಶತಕ್ಕೆ ಜನ ವರ್ಷಗಟ್ಟಲೆ ಒದ್ದಾಡುತ್ತಾರೆ. ಅದೇ ವರ್ಷ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಇದನ್ನು ನಿಷೇಧಿಸಿತು. ಆದರೂ 2008ರ ಬೀಜಿಂಗ್ ಕೂಟದ ಸುಮಾರು ಹೊತ್ತಿಗೆ 99 ಆಟಗಾರರನ್ನು ಹೆಸರು ಕೇಳದೆ ಪ್ರಶ್ನಿಸಿದಾಗ, ಆ ಪ್ರಶ್ನೆಗೆ ಉತ್ತರಿಸಿದವರಲ್ಲಿ ಸುಮಾರು ಆರರಲ್ಲಿ ಒಬ್ಬರು ಮಾಡಿದ್ದೇವೆ ಅಂತ ಒಪ್ಪಿಕೊಂಡರು.

ಹಿಡಿಯೋದು ಕಷ್ಟ. ರಕ್ತದಲ್ಲಿ ಯಾವ ಔಷಧವೂ ಇರೋದಿಲ್ಲ. ಸ್ಪರ್ಧೆಗೆ ಮುಂಚೆ ಬಿಪಿ ನೋಡುತ್ತಾರೆ. ಮೇಲಿನ ಅಂಕಿ ಮಿತಿ ದಾಟಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತಾರೆ. ಆಗಲೂ ಇಳಿದಿಲ್ಲ ಅಂದರೆ ಆಡಲು ಬಿಡೋದಿಲ್ಲ. ಮಿತಿ ಮೊದಲು 180 ಇತ್ತು, ಆಮೇಲೆ 160ಕ್ಕೆ ಇಳಿಸಿದರು. ಕುತ್ತಿಗೆ ಪೆಟ್ಟಿನವರ ಮಾಮೂಲಿ ಬಿಪಿ ನಮಗಿಂತ ಕೆಳಗೆ, ನೂರರ ಆಸುಪಾಸಿನಲ್ಲೇ ಇರುತ್ತದೆ. ಅವರಿಗೆ 160 ಅಂದರೆ ತುಂಬಾ ದೊಡ್ಡ ನೆಗೆತ. ಇನ್ನೊಂದು ತೊಡಕೆಂದರೆ ಇದು ತಾನಾಗಿಯೂ ಆಗಬಹುದು. ಕೊಳವೆ ಮಡಚಿಕೊಂಡಿರಬಹುದು, ಬಟ್ಟೆಯ ಮಡಿಕೆ ಒತ್ತಿರಬಹುದು. ಆದ್ದರಿಂದ ಬಿಪಿ ಏರಿದೆ ಅಂದ ಮಾತ್ರಕ್ಕೆ ಕಳ್ಳ ಅನ್ನೋ ಹಾಗಿಲ್ಲ. ಆ ಕ್ಷಣಕ್ಕೆ ಪ್ರಾಣಕ್ಕೆ ಅಪಾಯ, ಆಡೋದು ಬೇಡ, ಅಷ್ಟೇ.

ಬೂಸ್ಟಿಂಗ್ ತಪ್ಪು, ಸಾವಿನ ಜೊತೆ ಆಟ. ಅದರಲ್ಲಿ ಎರಡು ಮಾತಿಲ್ಲ. ಆದರೂ ಹೃದಯದ ತಂತಿ ಕಡಿದವನನ್ನೂ ಉಳಿದವನನ್ನೂ ಒಂದೇ ಗುಂಪಿನಲ್ಲಿ ನಿಲ್ಲಿಸಿದರೆ, ಕಡಿದವನಿಗೆ ಈ ಆಸೆ ಹುಟ್ಟುತ್ತದೆ. ಮೇಲೆ ಹೇಳಿದ ವ್ಯಾಂಕೂವರ್ ಸಂಶೋಧನೆ ಮುಖ್ಯವಾಗೋದು ಇಲ್ಲೇ.

ಭುಜವೇ ಕಾಲು

ವೀಲ್‌ಚೇರ್ ರೇಸ್ ಬಗ್ಗೆ ಒಂದೆರಡು ಮಾತು. 2021ರಲ್ಲಿ ಜಪಾನಿನ ಓಯಿಟಾದಲ್ಲಿ ಸ್ವಿಟ್ಜರ್‌ಲೆಂಡಿನ ಮಾರ್ಸೆಲ್ ಹುಗ್ ಮ್ಯಾರಥಾನ್ ಮುಗಿಸಿದ್ದು 1 ಗಂಟೆ 17 ನಿಮಿಷ 47 ಸೆಕೆಂಡಿನಲ್ಲಿ. ಚಕ್ರದ ಪಕ್ಕದಲ್ಲಿ ಕೈಯಿಂದ ತಳ್ಳುವ ಬಳೆ ಇರುತ್ತದೆ. ಅದು ಚಕ್ರಕ್ಕಿಂತ ತುಂಬಾ ಚಿಕ್ಕದು. ಕೈ ಸ್ವಲ್ಪ ದೂರ ಆಡಿದರೆ ಚಕ್ರ ತುಂಬಾ ದೂರ ಉರುಳುತ್ತದೆ. ಸೈಕಲ್ಲಿನ ದೊಡ್ಡ ಗೇರ್ ಇದ್ದ ಹಾಗೆ, ಶುರುಮಾಡೋಕೆ ಭಾರ, ವೇಗ ಹಿಡಿದ ಮೇಲೆ ಲಾಭ.

ಬೆಲೆ ತೆರೋದು ಭುಜ. ಲಂಡನ್ ಕೂಟದಲ್ಲಿ ವೈದ್ಯರು ದಾಖಲಿಸಿದ ಗಾಯಗಳಲ್ಲಿ ಭುಜದ್ದೇ ಮೊದಲ ಸ್ಥಾನ. ಓಟಗಾರನಿಗೆ ಮಂಡಿ ನೋವಾದರೆ ಎರಡು ವಾರ ಕಾಲು ಚಾಚಿ ಕೂರಬಹುದು. ವೀಲ್‌ಚೇರ್ ಆಟಗಾರನಿಗೆ ಭುಜ ನೋವಾದರೆ? ಹಾಸಿಗೆಯಿಂದ ಏಳಲು, ಬಚ್ಚಲಿಗೆ ಹೋಗಲು, ಕಾರಿಗೆ ಹತ್ತಲು ಅದೇ ಭುಜ ಬೇಕು. ವಿಶ್ರಾಂತಿ ಅನ್ನೋ ಔಷಧವೇ ಅವರಿಗೆ ಸಿಗೋದಿಲ್ಲ.

ಬ್ಲೇಡ್ ಲಾಭವೋ ನಷ್ಟವೋ

ಕೃತಕ ಕಾಲಿನ ಚರ್ಚೆ ಎಲ್ಲರಿಗೂ ಸ್ವಲ್ಪ ಗೊತ್ತು. ದಕ್ಷಿಣ ಆಫ್ರಿಕಾದ ಆಸ್ಕರ್ ಪಿಸ್ಟೋರಿಯಸ್ ಎರಡೂ ಕಾಲಿಗೆ ಕಾರ್ಬನ್ ಬ್ಲೇಡ್ ಕಟ್ಟಿ ಓಡುತ್ತಿದ್ದ. ಮುಂದೆ ಆತ ಕೊಲೆ ಅಪರಾಧಿಯಾಗಿ ಜೈಲು ಸೇರಿದ. ಇಲ್ಲಿ ನಮಗೆ ಬೇಕಿರುವುದು ಆ ಓಟದ ವಿಜ್ಞಾನ ಮಾತ್ರ. 2007ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಗೆರ್ಟ್-ಪೀಟರ್ ಬ್ರೂಗೆಮನ್ ಪರೀಕ್ಷೆ ಮಾಡಿ, ಅದೇ ವೇಗಕ್ಕೆ ಆತನಿಗೆ ಸುಮಾರು 25% ಕಡಿಮೆ ಶಕ್ತಿ ಸಾಕು ಅಂದರು. 2008ರ ಜನವರಿಯಲ್ಲಿ ನಿಷೇಧ ಬಂತು. ಅದೇ ಮೇ ತಿಂಗಳಲ್ಲಿ ಕ್ರೀಡಾ ನ್ಯಾಯಮಂಡಳಿ ನಿಷೇಧ ತೆಗೆಯಿತು. ಕಲೋನ್ ಪರೀಕ್ಷೆ ನೋಡಿದ್ದು ನೇರ ದಾರಿಯ ಪೂರ್ತಿ ವೇಗವನ್ನು ಮಾತ್ರ. ಶುರುವಿನಲ್ಲಿ ಎದ್ದು ವೇಗ ಹಿಡಿಯುವ ಕಷ್ಟ ಲೆಕ್ಕಕ್ಕೆ ಬಂದಿರಲಿಲ್ಲ.

ಆ ತೀರ್ಪಿಗೆ ಮುಂಚೆ ಅಮೆರಿಕದ ಹ್ಯೂಸ್ಟನ್‌ನಲ್ಲಿ ಇನ್ನೊಂದು ತಂಡವೂ ಪರೀಕ್ಷೆ ಮಾಡಿತ್ತು. 2009ರಲ್ಲಿ ಆ ತಂಡವೇ ಎರಡಾಯಿತು. ಪೀಟರ್ ವೇಯಂಡ್ ಮತ್ತು ಮ್ಯಾಥ್ಯೂ ಬಂಡಲ್, 400 ಮೀಟರಿಗೆ 10 ಸೆಕೆಂಡಿನಷ್ಟು ಲಾಭ ಇದೆ ಅಂದರು. ಹ್ಯೂ ಹೆರ್, ರಾಜರ್ ಕ್ರಾಮ್ ಮತ್ತಿತರರು ಹಾಗೆ ಹೇಳಲು ಆಧಾರ ಇಲ್ಲ ಅಂದರು. ಕೈಯಲ್ಲಿದ್ದ ಅಂಕಿ ಒಂದೇ. ಬ್ಲೇಡ್ ಹಗುರ, ಗಾಳಿಯಲ್ಲಿ ಬೇಗ ಮುಂದೆ ಬರುತ್ತದೆ, ಅದು ಲಾಭ. ಬ್ಲೇಡ್ ತಾನಾಗಿ ಬಲ ಹುಟ್ಟಿಸದು, ನೀವು ಒತ್ತಿದ್ದನ್ನು ಸ್ವಲ್ಪ ಕಳೆದು ವಾಪಸು ಕೊಡುತ್ತದೆ ಅಷ್ಟೇ, ಅದು ನಷ್ಟ. ಒಂದು ಕಾಲಿಗೆ ಮಾತ್ರ ಬ್ಲೇಡ್ ಇರುವ ಓಟಗಾರರಲ್ಲಿ ಬ್ಲೇಡ್ ಕಡೆಯ ಕಾಲು ನೆಲಕ್ಕೆ ಹಾಕುವ ಬಲ ಸುಮಾರು 9% ಕಡಿಮೆ ಅಂತ ಅಲೆನಾ ಗ್ರಾಬೋವ್ಸ್ಕಿ ಮತ್ತಿತರರು 2010ರಲ್ಲಿ ತೋರಿಸಿದರು. ಲಾಭ ನಷ್ಟ ಕೂಡಿ ಕಳೆದು ಕೊನೆಗೆ ಎಷ್ಟು ಅನ್ನೋದರಲ್ಲೇ ಜಗಳ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಒಂದು ಚಿಕ್ಕ ಅಧ್ಯಯನ. ಟ್ರ್ಯಾಕ್‌ನಲ್ಲಿ ಯಾವಾಗಲೂ ಎಡಕ್ಕೆ ತಿರುಗಿ ಓಡುತ್ತಾರೆ, ಅಲ್ವಾ? ತಿರುವಿನಲ್ಲಿ ಎಡಗಾಲು ಒಳಗೆ, ಬಲಗಾಲು ಹೊರಗೆ. 2016ರಲ್ಲಿ ಪಾವೊಲೊ ತಬೋಗಾ ಮತ್ತಿತರರು ಒಂದು ಕಾಲಿಗೆ ಬ್ಲೇಡ್ ಇರುವವರನ್ನು ಎರಡೂ ದಿಕ್ಕಿಗೆ ಓಡಿಸಿ ನೋಡಿದರು. ಬ್ಲೇಡ್ ಒಳಗಡೆ ಬಂದಾಗ ವೇಗ ಸುಮಾರು 4% ಇಳಿಯಿತು. ಅಂದರೆ 200 ಮೀಟರ್, 400 ಮೀಟರ್ ಓಟದಲ್ಲಿ ಎಡಗಾಲು ಕಳೆದುಕೊಂಡವರು ಬಲಗಾಲು ಕಳೆದುಕೊಂಡವರಿಗಿಂತ ಮೊದಲೇ ಹಿಂದೆ. ಒಳಗಿನ ಲೇನ್ ಸಿಕ್ಕರೆ ತಿರುವು ಇನ್ನೂ ಬಿಗಿ. ಇಬ್ಬರೂ ಒಂದೇ ಗುಂಪಿನಲ್ಲಿ, ಒಂದೇ ಗೆರೆಯಲ್ಲಿ ನಿಂತಿರುತ್ತಾರೆ.

ಉದ್ದ ಜಿಗಿತದಲ್ಲಿ ಜರ್ಮನಿಯ ಮಾರ್ಕಸ್ ರೆಹ್ಮ್ ಬ್ಲೇಡ್ ಕಾಲಿನಿಂದಲೇ ನೆಗೆಯುತ್ತಾರೆ. 2023ರಲ್ಲಿ ಅವರು 8.72 ಮೀಟರ್ ಹಾರಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ತಂದ ಜಿಗಿತ 8.38. ಆ ಒಲಿಂಪಿಕ್ಸ್‌ಗೂ ತಾನು ಹೋಗಬೇಕು ಅಂತ ರೆಹ್ಮ್ ಕೇಳಿದ್ದರು. ಮೂರು ದೇಶಗಳ ವಿಜ್ಞಾನಿಗಳು ಸೇರಿ ಪರೀಕ್ಷೆ ಮಾಡಿದರು. ಓಡಿ ಬರುವಾಗ ಬ್ಲೇಡ್ ತೊಡಕು, ನೆಗೆಯುವಾಗ ಅನುಕೂಲ, ಒಟ್ಟು ಎಷ್ಟು ಅಂತ ಹೇಳಲಾಗದು ಅಂದರು. ಲಾಭ ಇಲ್ಲ ಅಂತ ಆಟಗಾರನೇ ಸಾಬೀತು ಮಾಡಬೇಕು ಅನ್ನೋ ನಿಯಮ ಆಗ ಇತ್ತು. ರೆಹ್ಮ್ ಹೋಗಲಾಗಲಿಲ್ಲ. 2020ರಲ್ಲಿ ಅಮೆರಿಕದ ಬ್ಲೇಕ್ ಲೀಪರ್ ಅವರ ಪ್ರಕರಣದಲ್ಲಿ, ಸಾಬೀತು ಮಾಡುವ ಹೊಣೆಯನ್ನು ಆಟಗಾರನ ಮೇಲೆ ಹೊರಿಸುವುದು ತಪ್ಪು ಅಂತ ಕ್ರೀಡಾ ನ್ಯಾಯಮಂಡಳಿ ಹೇಳಿತು. ಆದರೂ ಆತನ ಬ್ಲೇಡ್ ಹೆಚ್ಚು ಎತ್ತರ ಅಂತ ಅವಕಾಶ ಸಿಗಲಿಲ್ಲ. ಎರಡೂ ಕಾಲಿಲ್ಲದವನ "ನಿಜವಾದ" ಎತ್ತರ ಎಷ್ಟಿರುತ್ತಿತ್ತು? ದೇಹದ ಬೇರೆ ಭಾಗ ಅಳೆದು ಸೂತ್ರ ಹಾಕಿ ಊಹಿಸುತ್ತಾರೆ. ಆ ಸೂತ್ರ ಕಟ್ಟಲು ಅಳೆದ ಜನರಲ್ಲಿ ಕಪ್ಪು ಜನಾಂಗದವರು ಇರಲಿಲ್ಲ ಅನ್ನೋದು ಲೀಪರ್ ಅವರ ದೂರಾಗಿತ್ತು. ಮತ್ತೆ ಅದೇ ಕಥೆ. ಅಳತೆಕೋಲು ಯಾರ ದೇಹ ನೋಡಿ ಮಾಡಿದ್ದು?

ಗುಂಪು ಮಾಡೋದು ಯಾರು, ಹೇಗೆ

ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಹಾಕುತ್ತಾರೆ. ತಕ್ಕಡಿ ಸುಳ್ಳು ಹೇಳೋದಿಲ್ಲ. ಪ್ಯಾರಾ ಕ್ರೀಡೆಯಲ್ಲಿ ತಕ್ಕಡಿಯೇ ಇಲ್ಲ. 10 ಬಗೆಯ ಕೊರತೆಗಳನ್ನು ಪ್ಯಾರಾಲಿಂಪಿಕ್ ಸಮಿತಿ ಪಟ್ಟಿ ಮಾಡಿದೆ. ಸ್ನಾಯುಬಲ, ಕೀಲಿನ ಚಲನೆ, ಅಂಗ ಇಲ್ಲದಿರುವುದು, ದೃಷ್ಟಿ, ಬುದ್ಧಿಶಕ್ತಿ ಹೀಗೆ. ಆ ಕೊರತೆ ಆ ಆಟವನ್ನು ಎಷ್ಟು ಕೆಡಿಸುತ್ತದೆ ಅನ್ನೋದನ್ನು ನೋಡಿ ಗುಂಪು ಮಾಡಬೇಕು. ಹಿಂದೆ ಇದು ಅನುಭವಿಗಳ ಕಣ್ಣಳತೆಯ ಕೆಲಸವಾಗಿತ್ತು. ಕಣ್ಣಳತೆ ಸಾಲದು, ಪುರಾವೆ ಬೇಕು ಅಂತ ಆಸ್ಟ್ರೇಲಿಯಾದ ಶಾನ್ ಟ್ವೀಡಿ, ಬೆಲ್ಜಿಯಂನ ಈವ್ ವಾನ್‌ಲಾಂಡೆವೈಕ್ ಪಟ್ಟುಹಿಡಿದರು.

ದೊಡ್ಡ ತೊಡಕು ಎಲ್ಲಿದೆ ನೋಡಿ. ಒಬ್ಬ ಆಟಗಾರ್ತಿ ಹತ್ತು ವರ್ಷ ಬೆವರು ಸುರಿಸಿ ಉಳಿದ ಸ್ನಾಯುವನ್ನು ಗಟ್ಟಿ ಮಾಡಿಕೊಂಡಳು. ಪರೀಕ್ಷೆಯಲ್ಲಿ ಬಲ ಜಾಸ್ತಿ ಕಂಡಿತು. "ನಿಮಗೆ ಕೊರತೆ ಕಡಿಮೆ" ಅಂತ ಮೇಲಿನ ಗುಂಪಿಗೆ ಹಾಕಿದರೆ ಅದು ದುಡಿಮೆಗೆ ಶಿಕ್ಷೆ ಕೊಟ್ಟ ಹಾಗೆ. ಇನ್ನೊಬ್ಬರು ಪರೀಕ್ಷೆಯಲ್ಲಿ ಬೇಕಂತಲೇ ಮೆಲ್ಲಗೆ ತಳ್ಳಬಹುದು. ದುಡಿಮೆಯಿಂದ ಬದಲಾಗದ, ನಾಟಕ ಮಾಡಲಾಗದ ಅಳತೆ ಬೇಕು. ಅದನ್ನು ಹುಡುಕುವುದೇ ಈ ವಿಜ್ಞಾನದ ಅರ್ಧ ಕೆಲಸ.

ಮೋಸ ನಡೆದಿದೆ ಕೂಡ. 2000ದ ಸಿಡ್ನಿ ಕೂಟದಲ್ಲಿ ಬುದ್ಧಿಶಕ್ತಿ ಕೊರತೆ ಇರುವವರ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ 12 ಮಂದಿಯಲ್ಲಿ 10 ಮಂದಿಗೆ ಯಾವ ಕೊರತೆಯೂ ಇರಲಿಲ್ಲ. ಅದರ ಶಿಕ್ಷೆ ಬಿದ್ದಿದ್ದು ನಿಜವಾದ ಆಟಗಾರರ ಮೇಲೆ. ಆ ಇಡೀ ವಿಭಾಗವನ್ನೇ ತೆಗೆದರು. 2012ರವರೆಗೆ ಅವರು ಹೊರಗೇ ಉಳಿದರು. ಬುದ್ಧಿಶಕ್ತಿಯ ಕೊರತೆ ಓಟವನ್ನು ಹೇಗೆ ತಟ್ಟುತ್ತದೆ ಅಂತ ವಿಜ್ಞಾನಿಗಳು ತೋರಿಸಿಕೊಡಬೇಕಾಯಿತು. 1500 ಮೀಟರ್‌ನಂಥ ಓಟದಲ್ಲಿ ಶಕ್ತಿಯನ್ನು ಎಲ್ಲಿ ಉಳಿಸಬೇಕು, ಎಲ್ಲಿ ಸುರಿಯಬೇಕು ಅನ್ನೋ ಲೆಕ್ಕ ತಲೆಯ ಕೆಲಸ. ಅಲ್ಲಿ ಕೊರತೆ ಕಾಣುತ್ತದೆ.

ಟೋಕಿಯೊದಲ್ಲಿ ನಮ್ಮ ವಿನೋದ್ ಕುಮಾರ್ ಡಿಸ್ಕಸ್ ಎಸೆದು ಕಂಚು ಗೆದ್ದಿದ್ದು ನೆನಪಿರಬಹುದು. ಆ ಗುಂಪಿಗೆ ಅವರು ಸೇರುವುದಿಲ್ಲ ಅಂತ ಮರುದಿನ ಪದಕ ಹೋಯಿತು. ಒಬ್ಬ ಮನುಷ್ಯನ ಬದುಕು ಹೀಗೆ ಒಂದು ಗೆರೆಯ ಆಚೆ ಈಚೆ ಆಗುವಾಗ, ಆ ಗೆರೆ ಎಳೆಯುವ ಕೈಯಲ್ಲಿ ಗಟ್ಟಿ ಪುರಾವೆ ಇರಲೇಬೇಕು.

ಪುರಾವೆ ಕೂಡಿಸೋದು ಸುಲಭವಲ್ಲ. ಬೂಸ್ಟಿಂಗ್ ಅಧ್ಯಯನದಲ್ಲಿ ಇದ್ದಿದ್ದು 8 ಮಂದಿ. ಹ್ಯೂಸ್ಟನ್‌ನಲ್ಲಿ ಬ್ಲೇಡ್ ಹಾಕಿದ್ದವನು ಒಬ್ಬನೇ. ಒಂದೇ ಮಟ್ಟದಲ್ಲಿ, ಒಂದೇ ರೀತಿ ಪೆಟ್ಟಾದ, ಒಂದೇ ಆಟದ, ವಿಶ್ವಮಟ್ಟದ ನೂರು ಜನ ಎಲ್ಲೂ ಸಿಗೋದಿಲ್ಲ. ಹೆಂಗಸರಂತೂ ಇನ್ನೂ ಕಡಿಮೆ. ಇಂಥ ಕಡೆ ಸರಾಸರಿ ಲೆಕ್ಕಕ್ಕೆ ಬೆಲೆಯಿಲ್ಲ. ಒಬ್ಬರನ್ನೇ ಹಿಡಿದು ತಿಂಗಳುಗಟ್ಟಲೆ ಅಳೆಯಬೇಕು. ಇವತ್ತಿನ ಅವರನ್ನು ನಿನ್ನೆಯ ಅವರ ಜೊತೆಗೇ ಹೋಲಿಸಬೇಕು. ದಿನವೂ ನಿದ್ದೆ, ನೀರು, ಭುಜದ ನೋವು, ಆ 6ರಿಂದ 20ರ ನಂಬರ್ ಬರೆದಿಡುವ ಒಬ್ಬ ಕೋಚ್ ಇದ್ದರೆ, ಆ ನೋಟ್‌ಬುಕ್ಕೇ ಆ ಆಟಗಾರನಿಗೆ ದೊಡ್ಡ ಸಂಶೋಧನೆ.

ಗಿರೀಶ ಹಾರಿದ ಆ ಗುಂಪನ್ನು ಆಮೇಲೆ ಬದಲಾಯಿಸಿದರು. 2018ರಿಂದ ಕೃತಕ ಕಾಲು ಹಾಕುವವರಿಗೆ ಬೇರೆ ಗುಂಪುಗಳು ಬಂದವು. ಆದರೆ ಎತ್ತರ ಜಿಗಿತದಲ್ಲಿ ಸ್ಪರ್ಧಿಗಳು ಕಡಿಮೆ, ಕೃತಕ ಕಾಲು ಹಾಕುವವರನ್ನೂ ಹಾಕದವರನ್ನೂ ಸೇರಿಸಿಯೇ ಆಡಿಸುತ್ತಾರೆ. ಟೋಕಿಯೊ ಫೈನಲ್‌ನಲ್ಲಿ ಕೃತಕ ಕಾಲಿನ ಅಮೆರಿಕದ ಸ್ಯಾಮ್ ಗ್ರೂ 1.88 ಹಾರಿ ಚಿನ್ನ ಗೆದ್ದರು. ಬೆಂಗಳೂರಿನ ಕೋಚ್ ಸತ್ಯನಾರಾಯಣ ಅವರ ಬಳಿ ಕಲಿತ ಸೇಲಂನ ಮಾರಿಯಪ್ಪನ್ ತಂಗವೇಲು 1.86ಕ್ಕೆ ನಿಂತರು. ಅವರ ಬಲಗಾಲನ್ನು ಐದನೇ ವಯಸ್ಸಿನಲ್ಲಿ ಬಸ್ಸು ಜಜ್ಜಿತ್ತು. ಆ ಪಾದಕ್ಕೆ ಕಾಲುಚೀಲ ಮಾತ್ರ ಹಾಕಿಕೊಂಡು ಹಾರುತ್ತಾರೆ. ಅವತ್ತು ಕೊನೆಯ ಸುತ್ತುಗಳ ಹೊತ್ತಿಗೆ ಮಳೆ ಶುರುವಾಯಿತು. ಕಾಲುಚೀಲ ನೆನೆದು ಭಾರವಾಯಿತು, ನೆಗೆಯಲು ಕಷ್ಟವಾಯಿತು ಅಂತ ಆಮೇಲೆ ಅವರು ಹೇಳಿದರು. ನಡುವಿನ ಅಂತರ 2 ಸೆಂಟಿಮೀಟರ್.